ಯಂತ್ರದ ಮುಂದೆ ಕುಳಿತ ಮೂರನೆಯವರು: ಒಂದು ಪ್ರಬಂಧಾವಳಿಯ ಪರಿಶೀಲನೆ

ಸಂಶೋಧಕರೊಬ್ಬರ ಪ್ರಕಟನೆಗಳ ಪಟ್ಟಿಯನ್ನು ಎಣಿಸಬಹುದು, ಇಲ್ಲವೆ ಓದಬಹುದು. ಎಣಿಸುವ ಕ್ರಮವೇ ಈಗ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ರೂಢಿಯಾಗಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ಬರಹಗಳಿಗೆ ಅಂಕಗಳನ್ನು ಗೊತ್ತುಮಾಡಿದ ತರುವಾಯ, ಪತ್ರಿಕೆಯಲ್ಲಿ ಅಚ್ಚಾದ ಲೇಖನಕ್ಕೆ ಇಷ್ಟು, ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧಕ್ಕೆ ಅದಕ್ಕಿಂತ ಕಡಮೆ ಇಷ್ಟು ಎಂದು ಲೆಕ್ಕ ಹಾಕುವುದರಲ್ಲಿ ನಾವೆಲ್ಲರೂ ಸಾಕಷ್ಟು ನಿಪುಣರಾಗಿದ್ದೇವೆ. ಪಟ್ಟಿಯನ್ನು ಕಾಲಾನುಕ್ರಮದಲ್ಲಿ ಇಟ್ಟುಕೊಂಡು ಮೊದಲಿನಿಂದ ಕಡೆಯವರೆಗೆ ಓದುವವರು ವಿರಳ. ಒಬ್ಬ ಅರಸನ ಶಾಸನಗಳನ್ನು ವರ್ಷದ ಮೇರೆಗೆ ಜೋಡಿಸಿ ನೋಡಿದಾಗ, ಯಾವ ಒಂದು ಶಾಸನವೂ ತಾನಾಗಿ ಹೇಳದ ಸಂಗತಿ ಹೊರಬೀಳುವುದುಂಟಷ್ಟೆ. ಸಂಶೋಧಕರ ಪ್ರಬಂಧಗಳ ವಿಷಯದಲ್ಲಿಯೂ ಹಾಗೆಯೇ ಆಗುವುದೆಂಬುದಕ್ಕೆ ನಿದರ್ಶನವಾಗಿ ಈ ಲೇಖನವನ್ನು ವಾಚಕರ ಮುಂದಿಡುತ್ತಿದ್ದೇವೆ.

ಪ್ರಕೃತ ನಾವು ಪರಿಶೀಲನೆಗೆ ಎತ್ತಿಕೊಂಡಿರುವುದು ಇಂದ್ರಾಣಿ ಮೇಧಿ ಥೀಸ್ ಅವರು 2006ರಿಂದ ಮೊದಲುಗೊಂಡು ಸುಮಾರು ಹತ್ತು ವರ್ಷಗಳ ಅವಧಿಯಲ್ಲಿ, ಬಹುಮಟ್ಟಿಗೆ ಇತರರೊಡನೆ ಕೂಡಿ, ಪ್ರಕಟಿಸಿದ ಪ್ರಬಂಧಗಳು. (ಮೊದಲಿನವು ಮೇಧಿ ಎಂಬ ಹೆಸರಿನಲ್ಲಿಯೂ ಅನಂತರದವು ಮೇಧಿ ಥೀಸ್ ಎಂಬ ಹೆಸರಿನಲ್ಲಿಯೂ ಇರುವುದರಿಂದ, ಅಕಾರಾದಿಯನ್ನು ಮಾತ್ರ ನಂಬಿ ಹುಡುಕುವವರು ಇವರನ್ನು ಇಬ್ಬರೆಂದು ಎಣಿಸುವ ಸಂಭವವುಂಟು.) ಇವುಗಳ ವಿಷಯ ಮನುಷ್ಯನಿಗೂ ಗಣಕಯಂತ್ರಕ್ಕೂ ನಡುವಣ ವ್ಯವಹಾರ, ಅದರಲ್ಲಿಯೂ ಓದುಬರಹ ಬಾರದವರು ಗಣಕವನ್ನೂ ಮೊಬೈಲ್ ಫೋನನ್ನೂ ಬಳಸುವ ಬಗೆ. ಇವು ಹುಟ್ಟಿದ್ದು 2005ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಎಂಬ ಸಂಶೋಧನಾಲಯದಲ್ಲಿ. 2010ರಲ್ಲಿ ಅಮೆರಿಕದ ಟೆಕ್ನಾಲಜಿ ರಿವ್ಯೂ ಪತ್ರಿಕೆಯು ಮೂವತ್ತೈದು ವರ್ಷದೊಳಗಿನ ಆವಿಷ್ಕಾರಕರ ತನ್ನ ಪಟ್ಟಿಯಲ್ಲಿ ಈ ಲೇಖಕಿಯ ಹೆಸರನ್ನು ಸೇರಿಸಿತು. ಪುರಸ್ಕಾರಗಳ ಮಾತನ್ನು ಇಲ್ಲಿಗೆ ಬಿಡೋಣ.

ಗಣಕವಿಜ್ಞಾನದ ಬರಹಗಳಲ್ಲಿ ಚರಿತ್ರೆಯ ಅಧ್ಯಾಪಕರಿಗೇನು ಕೆಲಸ ಎಂದು ವಾಚಕರು ಕೇಳಬಹುದು. ಅಕ್ಷರ ಬಲ್ಲವರ ಆಡಳಿತದಲ್ಲಿ ಅಕ್ಷರ ಬಾರದವರು ಹೇಗೆ ಬಾಳಿದರೆಂಬುದು ಚರಿತ್ರೆಯ ಹಳೆಯ ಪ್ರಶ್ನೆಗಳಲ್ಲೊಂದು. ಅಲ್ಲದೆ ನಾವು ಪಾಠ ಹೇಳುವುದು ನಗರದ ಪಶ್ಚಿಮ ಭಾಗದಲ್ಲಿ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಮನೆಗಳಿಗೆ ಹೊತ್ತು ಮೂಡುವ ಮೊದಲೇ ಪಾತ್ರೆ ತೊಳೆಯಲು ಬರುವ ಹೆಂಗಸರನ್ನು ದಿನವೂ ಕಾಣುತ್ತೇವೆ. ನಮ್ಮ ತರಗತಿಗಳಲ್ಲಿ ಅವರ ಮಕ್ಕಳೂ ಕುಳಿತಿರುತ್ತಾರೆ. ಈ ಪ್ರಬಂಧಗಳ ನಾಯಿಕೆಯರು ಅಂತಹ ಹೆಂಗಸರೇ.

ಮೊದಲನೆಯ ಪ್ರಬಂಧವು 2006ರ ಮೇ ತಿಂಗಳಲ್ಲಿ ಬರ್ಕ್ಲಿಯಲ್ಲಿ ನಡೆದ ಸಮ್ಮೇಳನದಲ್ಲಿ ಮಂಡಿತವಾಯಿತು. ಅಮನ್ ಸಾಗರ್ ಮತ್ತು ಕೆಂಟಾರೊ ಟೊಯಾಮಾ ಸಹಲೇಖಕರು. ಬೆಂಗಳೂರಿನ ಮೂರು ಕೊಳೆಗೇರಿಗಳಲ್ಲಿ ವಾಸಿಸುತ್ತಿದ್ದ, ಮನೆಗೆಲಸದಿಂದ ಜೀವನ ಸಾಗಿಸುತ್ತಿದ್ದ ಅನಕ್ಷರಸ್ಥ ಸ್ತ್ರೀಯರ ಬಳಿಗೆ ಸಂಶೋಧಕರು, ಅಲ್ಲಿ ಬಹುಕಾಲದಿಂದ ದುಡಿಯುತ್ತಿದ್ದ ಸ್ತ್ರೀ ಜಾಗೃತಿ ಸಮಿತಿಯ ಮೂಲಕ ಹೋದರು. ಏನು ಬೇಕೆಂದು ವಿಚಾರಿಸಿ, ಮನೆಗೆಲಸ ಹುಡುಕಲು ನೆರವಾಗುವ ಒಂದು ಗಣಕಪಟವನ್ನೂ ನಗರದಲ್ಲಿ ದಾರಿ ತೋರಿಸುವ ಒಂದು ನಕ್ಷೆಯನ್ನೂ ರಚಿಸಿದರು. ಇವೆರಡರಲ್ಲಿಯೂ ಲಿಪಿಯೆಂಬುದೇ ಇರಲಿಲ್ಲ. ಅಂಕಿಗಳನ್ನು ಮಾತ್ರ ಉಳಿಸಿಕೊಂಡರು, ಏಕೆಂದರೆ ಅಕ್ಷರ ಬಾರದ ಅನೇಕರಿಗೆ ಅಂಕಿ ಗುರುತಿರುತ್ತದೆ. ಉಳಿದುದೆಲ್ಲ ಚಿತ್ರ ಮತ್ತು ಧ್ವನಿ. ಈ ಪ್ರಬಂಧದ ಮೊದಲ ವಾಕ್ಯದಲ್ಲಿಯೇ ಗುರಿಯನ್ನು ನಿಸ್ಸಂದಿಗ್ಧವಾಗಿ ಸಾರಿದೆ: ಓದಲು ಬಾರದ, ಗಣಕವನ್ನು ಎಂದೂ ಮುಟ್ಟದ ವ್ಯಕ್ತಿಯು ಬೇರೆ ಯಾರ ಸಹಾಯವೂ ಸ್ವಲ್ಪವೂ ಇಲ್ಲದೆ ಯಂತ್ರವನ್ನು ನಡೆಸುವಂತಾಗಬೇಕು. ‘ಯಾರ ಸಹಾಯವೂ ಇಲ್ಲದೆ’ ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಹತ್ತು ವರ್ಷಗಳ ಪ್ರಬಂಧಗಳೆಲ್ಲ ಈ ಮಾತಿನೊಡನೆ ನಡೆದ ವಾದವೆಂದೇ ನಮಗೆ ತೋರುತ್ತದೆ.

ಚಿತ್ರಗಳ ವಿಷಯದಲ್ಲಿ ಈ ಪ್ರಬಂಧವು ಹೇಳುವ ಒಂದು ಸಂಗತಿ ಭಾಷಾಶಾಸ್ತ್ರಜ್ಞರಿಗೂ ಸ್ವಾರಸ್ಯವಾಗಿ ಕಾಣಬಹುದು. ಅಡಿಗೆ ಮಾಡುವುದು, ಪಾತ್ರೆ ತೊಳೆಯುವುದು ಮುಂತಾದ ಕೆಲಸಗಳನ್ನು ಸೂಚಿಸಲು ಬರೆದ ಚಿತ್ರಗಳಲ್ಲಿ, ಚಲನೆಯನ್ನು ತೋರಿಸುವ ಸಣ್ಣ ಗುರುತುಗಳು ಇಲ್ಲದೆ ಇದ್ದರೆ ಅವು ಕೆಲಸಗಳೆಂದು ಹೊಳೆಯುತ್ತಿರಲಿಲ್ಲ. ನಲ್ಲಿಯಿಂದ ನೀರು ಸುರಿಯಬೇಕು, ಪಾತ್ರೆಯಿಂದ ಹಬೆ ಏಳಬೇಕು. ಇವಿಲ್ಲದ ಚಿತ್ರ ವಸ್ತುವಿನ ಚಿತ್ರ; ಇವಿದ್ದ ಚಿತ್ರ ಕ್ರಿಯೆಯ ಚಿತ್ರ. ನಾಮಪದಕ್ಕೂ ಕ್ರಿಯಾಪದಕ್ಕೂ ಇರುವ ಭೇದವನ್ನು ನಾಲ್ಕು ಗೆರೆಗಳಲ್ಲಿ ಕಂಡುಕೊಂಡ ಇಂತಹ ಸೂಕ್ಷ್ಮಗಳು ಕೋಣೆಯಲ್ಲಿ ಕುಳಿತು ಯೋಚಿಸುವವರಿಗೆ ದೊರೆಯುವುದಿಲ್ಲ. ಅನೇಕ ಗಂಟೆಗಳ ಕಾಲ ಗುಡಿಸಿಲುಗಳಲ್ಲಿ ಕುಳಿತು, ಚಿತ್ರವನ್ನು ತೋರಿಸಿ, ಉತ್ತರ ಕೇಳಿ, ಚಿತ್ರವನ್ನು ತಿದ್ದಿ, ಮತ್ತೆ ತೋರಿಸಿದವರಿಗೆ ಮಾತ್ರ ದೊರೆಯುತ್ತವೆ. ಈ ಶ್ರದ್ಧೆ ಪ್ರಬಂಧಾವಳಿಯ ಉದ್ದಕ್ಕೂ ಇದೆ, ಮತ್ತು ಇದೇ ಅದರ ಮೊದಲನೆಯ ಗುಣ. ಚಿತ್ರ ಹೆಚ್ಚು ಸಮೃದ್ಧವಾದಷ್ಟೂ ಹೆಚ್ಚು ಸುಲಭವೆಂಬ ಸಾಮಾನ್ಯ ನಂಬಿಕೆಯನ್ನೂ ಲೇಖಕಿ ಮುಲಾಜಿಲ್ಲದೆ ಪರೀಕ್ಷೆಗೆ ಒಡ್ಡಿದರು. 2007ರಲ್ಲಿ ಅರ್ಚನಾ ಪ್ರಸಾದ್ ಮತ್ತು ಟೊಯಾಮಾ ಅವರೊಡನೆ ಬರೆದ ಪ್ರಬಂಧದಲ್ಲಿ, 200 ಮಂದಿ ಅನಕ್ಷರಸ್ಥರಿಗೆ 13 ರೋಗಲಕ್ಷಣಗಳನ್ನು ಬರಹ, ರೇಖಾಚಿತ್ರ, ಛಾಯಾಚಿತ್ರ, ಚಲಿಸುವ ಚಿತ್ರ, ವಿಡಿಯೋ ಎಂಬ ಐದು ವಿಧಗಳಲ್ಲಿ, ಧ್ವನಿಯೊಡನೆಯೂ ಧ್ವನಿಯಿಲ್ಲದೆಯೂ ತೋರಿಸಲಾಯಿತು. ಧ್ವನಿಯಿಂದ ಗ್ರಹಿಕೆಯ ವೇಗ ಸಾಮಾನ್ಯವಾಗಿ ಹೆಚ್ಚಿತು; ಆದರೆ ಕಣ್ಣಿಗೂ ಕಿವಿಗೂ ಏಕಕಾಲದಲ್ಲಿ ಬಂದ ವಿಷಯ ಗೊಂದಲವನ್ನೂ ಉಂಟುಮಾಡಬಲ್ಲದೆಂದು ಕಂಡುಬಂದಿತು. ಹೆಚ್ಚು ಸಮೃದ್ಧವಾದ ನಿರೂಪಣೆಯೇ ಹೆಚ್ಚು ಅರ್ಥವಾಗುತ್ತದೆಂಬ ನಿಯಮವೇನೂ ಸಿದ್ಧವಾಗಲಿಲ್ಲ. ತಮ್ಮ ಸಂಸ್ಥೆಯ ಉದ್ಯಮಕ್ಕೆ ಅನುಕೂಲವಾದ ಉತ್ತರವನ್ನೇ ಹುಡುಕಿಕೊಂಡು ಹೋದವರು ಇಂತಹ ಫಲಿತಾಂಶವನ್ನು ಅಚ್ಚು ಹಾಕಿಸುತ್ತಿರಲಿಲ್ಲ.

ಇನ್ನು ಅದೇ ವರ್ಷದ ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲಿಯೇ ನಡೆದ ಸಮ್ಮೇಳನದಲ್ಲಿ ಮಂಡಿತವಾದ ಪ್ರಬಂಧಕ್ಕೆ ಬರೋಣ. ನಮ್ಮ ದೃಷ್ಟಿಯಲ್ಲಿ ಇಡೀ ಪಟ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಇದು. ಲಿಪಿರಹಿತವಾದ ಪಟವನ್ನು ಎಷ್ಟು ಚೆನ್ನಾಗಿ ರಚಿಸಿದರೂ, ಯಾವ ಗುಂಡಿಯನ್ನು ಒತ್ತಿದರೆ ಏನಾಗುತ್ತದೆಂದು ತಿಳಿದ ಮೇಲೂ, ಹೆಂಗಸರು ಯಂತ್ರದ ಮುಂದೆ ಹಿಂಜರಿಯುತ್ತಿದ್ದರು. ಇದಕ್ಕೆ ಲೇಖಕರಿಬ್ಬರೂ ಮೂರು ಕಾರಣಗಳನ್ನು ಕೊಟ್ಟಿದ್ದಾರೆ. ಗಣಕದಿಂದ ತಮಗೆ ಏನು ದೊರೆಯಬಹುದೆಂಬ ಅರಿವು ಇರಲಿಲ್ಲ. ಯಂತ್ರದ ಬಗ್ಗೆ ಭಯವೂ ಅಪನಂಬಿಕೆಯೂ ಇದ್ದವು. ಮೂರನೆಯದಾಗಿ, ತಮಗೆ ಸಂಬಂಧಪಟ್ಟ ಸಮಾಚಾರವು ಆ ಪೆಟ್ಟಿಗೆಯೊಳಕ್ಕೆ ಹೇಗೆ ಬಂದು ಸೇರಿತೆಂಬುದು ಅವರಿಗೆ ತಿಳಿಯುತ್ತಿರಲಿಲ್ಲ. ಈ ಕೊರತೆಯನ್ನು ನೀಗಲು ಲೇಖಕರು ಒಂದು ಸಣ್ಣ ನಾಟಕದಂತಹ ವಿಡಿಯೋವನ್ನು ಮಾಡಿಸಿದರು. ಕೆಲಸದವಳು ಬೇಕಾಗಿರುವ ಮನೆಯವರು ಆ ಸಂಗತಿಯನ್ನು ತಿಳಿಸುವುದು, ಅದು ಗಣಕಕ್ಕೆ ಸೇರುವುದು, ಕೆಲಸ ಹುಡುಕುವ ಹೆಂಗಸು ಅದನ್ನು ನೋಡುವುದು, ಇದಿಷ್ಟೂ ಅದರಲ್ಲಿ ಕಥೆಯಾಗಿ ಬರುತ್ತದೆ. ಅದನ್ನು ಕಂಡವರು ಗಣಕವನ್ನು ಬಳಸುವುದರಲ್ಲಿ ಬಹಳ ಮುಂದಾದರು.

ಪ್ರಯೋಗದ ಫಲವನ್ನು ನಾವು ಒಪ್ಪುತ್ತೇವೆ. ಆದರೆ ಆ ಮೂರನೆಯ ಕಾರಣವನ್ನು ಪ್ರಬಂಧವು ‘ಅಡ್ಡಿ’ಗಳ ಸಾಲಿನಲ್ಲಿ ಸೇರಿಸಿರುವುದನ್ನು ಒಪ್ಪಲಾರೆವು. ಈ ಸಮಾಚಾರ ಎಲ್ಲಿಂದ ಬಂತು, ಯಾರು ಕೊಟ್ಟರು, ಇದರೊಳಕ್ಕೆ ಹೇಗೆ ಸೇರಿತು? ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಆಕರವಿಮರ್ಶೆ ಎಂದು ಹೆಸರು. ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಗಳಿಗೆ ಎರಡು ವರ್ಷ ಹೇಳಿಕೊಟ್ಟರೂ ಈ ಪ್ರಶ್ನೆಯನ್ನು ತಾವಾಗಿ ಎತ್ತುವವರು ಕೆಲವರೇ. ಓದಲು ಬಂದವರಾದ ನಾವು ಗಣಕದ ಪಟದಲ್ಲಿ ಕಂಡುದನ್ನು ಕಂಡಂತೆಯೇ ನಂಬುತ್ತೇವೆ. ಅಚ್ಚಿನ ಮೇಲಣ ನಮ್ಮ ಹಳೆಯ ವಿಶ್ವಾಸವೇ ಅಲ್ಲಿಗೂ ಹರಿದಿದೆ. ಅಂತಹ ವಿಶ್ವಾಸವಿಲ್ಲದ ಮನೆಗೆಲಸದ ಹೆಂಗಸು, ಇಂತಹ ಬೀದಿಯಲ್ಲಿ ಇಂತಹ ಮನೆಯವರು ಇಷ್ಟು ಸಂಬಳ ಕೊಡುವರೆಂದು ಒಂದು ಪೆಟ್ಟಿಗೆ ಹೇಳಿದ ಮಾತ್ರಕ್ಕೆ ಒಪ್ಪದೆ ಹೋದುದು ಅವಳ ಅನುಭವಕ್ಕೆ ತಕ್ಕ ವಿವೇಕ. ಕೆಲಸದ ಸುದ್ದಿ ಅವಳಿಗೆ ಎಂದಿನಿಂದಲೂ ಪಕ್ಕದ ಮನೆಯವಳಿಂದ, ಅಂಗಡಿಯವನಿಂದ, ಕಾವಲುಗಾರನಿಂದ ಬಂದಿದೆ. ಸುದ್ದಿ ಸುಳ್ಳಾದರೆ ಹೋಗಿ ಕೇಳಲು ಅಲ್ಲೊಬ್ಬರು ಇರುತ್ತಾರೆ. ಪ್ರಬಂಧಕಾರರು ಈ ವಿವೇಕಕ್ಕೆ ನಾಟಕದ ಮೂಲಕ ಸಮಾಧಾನ ಹೇಳಿದರು. ಸಮಾಚಾರದ ಹೊಣೆಗಾರರು ಯಾರೆಂಬ ಮೂಲ ಪ್ರಶ್ನೆ ಹಾಗೆಯೇ ಉಳಿಯಿತು.

ಮುಂದಿನ ಘಟ್ಟ ಮೊಬೈಲಿನದು. 2009ರಲ್ಲಿ ನಾಗಸೇನ ಗೌತಮ ಮತ್ತು ಟೊಯಾಮಾ ಅವರೊಡನೆ ಬರೆದ ಪ್ರಬಂಧವು ಫೋನಿನ ಮೂಲಕ ಹಣ ಕಳುಹಿಸುವ ಮೂರು ವಿಧಾನಗಳನ್ನು ಹೋಲಿಸುತ್ತದೆ: ಬರಹದ್ದು, ಮಾತಿನದ್ದು, ಚಿತ್ರ ಮತ್ತು ಧ್ವನಿ ಕೂಡಿದ್ದು. ಭಾರತ, ಕೀನ್ಯಾ, ಫಿಲಿಪ್ಪೀನ್ಸ್, ದಕ್ಷಿಣ ಆಫ್ರಿಕಗಳಲ್ಲಿ ನಡೆಸಿದ ವಿಚಾರಣೆಯ ಹಿನ್ನೆಲೆ ಇದಕ್ಕಿದೆ. ಚಿತ್ರಗಳಿದ್ದ ವಿಧಾನದಲ್ಲಿ ಹೆಚ್ಚು ಮಂದಿ ಕೆಲಸವನ್ನು ಪೂರೈಸಿದರು. ಮಾತಿನ ವಿಧಾನದಲ್ಲಿ ಪೂರೈಸಿದವರು ಬೇಗ ಪೂರೈಸಿದರು, ಕಡಮೆ ಸಹಾಯ ಬೇಡಿದರು. 2011ರಲ್ಲಿ ಆರು ಮಂದಿ ಕೂಡಿ ಬರೆದ ದೀರ್ಘ ಲೇಖನವು ಈ ಪ್ರಯೋಗವನ್ನು ಮತ್ತೊಂದು ಪ್ರಯೋಗದೊಡನೆ ಜೋಡಿಸುತ್ತದೆ. ಆ ಎರಡನೆಯದು ಸೋಮಾನಿ ಪಟ್ನಾಯಕ್, ಎಮ್ಮಾ ಬ್ರನ್‌ಸ್ಕಿಲ್, ವಿಲಿಯಂ ಥೀಸ್ ಇವರು ಗುಜರಾತಿನಲ್ಲಿ ಆರೋಗ್ಯ ಕಾರ್ಯಕರ್ತರೊಡನೆ ನಡೆಸಿ 2009ರಲ್ಲಿ ಪ್ರಕಟಿಸಿದ್ದು. ರೋಗಿಯ ವಿವರಗಳನ್ನು ಫೋನಿನ ನಮೂನೆಯಲ್ಲಿ ತುಂಬಿದಾಗ ನೂರಕ್ಕೆ 4.2, ಎಸ್‌ಎಂಎಸ್ ಮೂಲಕ ಕಳುಹಿಸಿದಾಗ 4.5 ತಪ್ಪುಗಳಾದವು. ಅದೇ ವಿವರಗಳನ್ನು ಫೋನಿನ ಆಚೆ ಕುಳಿತ ಒಬ್ಬ ಮನುಷ್ಯನಿಗೆ ಬಾಯಲ್ಲಿ ಹೇಳಿದಾಗ ಆದ ತಪ್ಪು ನೂರಕ್ಕೆ 0.45. ಸುಮಾರು ಹತ್ತನೆಯ ಒಂದು ಪಾಲು!

ಈ ಅಂಕಿಯನ್ನು ನಾವು ಬೇಕೆಂದೇ ಒತ್ತಿ ಹೇಳುತ್ತಿದ್ದೇವೆ. 2006ರಲ್ಲಿ ಯಂತ್ರದ ಬಳಿಯಿಂದ ಹೊರಗೆ ಕಳುಹಿಸಿದ ಮೂರನೆಯ ವ್ಯಕ್ತಿ ಇಲ್ಲಿ ಹಿಂದಿರುಗಿ ಬಂದು ಕುಳಿತಿದ್ದಾರೆ, ಮತ್ತು ಯಂತ್ರಕ್ಕಿಂತ ಉತ್ತಮವಾಗಿ ಕೆಲಸ ಮಾಡಿದ್ದಾರೆ. ಮಾತು ತೊದಲಿದರೆ ಮತ್ತೆ ಕೇಳುವುದು, ಅಸಂಭವವಾದುದನ್ನು ಕೇಳಿ ಸಂಶಯ ಪಡುವುದು, ಕೇಳಿದ್ದನ್ನು ತಿರುಗಿ ಒಪ್ಪಿಸುವುದು ಮನುಷ್ಯರ ರೂಢಿ.

2010ರಿಂದ 2013ರವರೆಗಿನ ಮೂರು ಪ್ರಬಂಧಗಳು ಬೇರೊಂದು ದಾರಿ ಹಿಡಿಯುತ್ತವೆ. ಇಲ್ಲಿ ಲೇಖಕಿ ಅಕ್ಷರವನ್ನು ಬಿಟ್ಟು ವಿದ್ಯಾಭ್ಯಾಸದ ಕಡೆ ತಿರುಗುತ್ತಾರೆ. ನಿರ್ವಾತ ಕಸಬರಿಕೆ, ಎಂದರೆ ವ್ಯಾಕ್ಯೂಮ್ ಕ್ಲೀನರ್, ಬಳಸುವುದನ್ನು ವಿಡಿಯೋದಲ್ಲಿ ತೋರಿಸಿ, ಕಂಡುದನ್ನು ಬೇರೆ ಸಂದರ್ಭಕ್ಕೆ ಅನ್ವಯಿಸಬಲ್ಲರೇ ಎಂದು ಪರೀಕ್ಷಿಸುವುದು ಒಂದು. ಅಕ್ಷರವೇ ಇಲ್ಲದ ಪಟದಲ್ಲಿಯೂ ಒಂದರೊಳಗೊಂದು ಅಡಗಿದ ವರ್ಗಗಳನ್ನು ಬಿಡಿಸಿಕೊಂಡು ಹೋಗುವುದು ಕಡಮೆ ಓದಿದವರಿಗೆ ಕಷ್ಟವೇ ಎಂದು 60 ಮಂದಿಯನ್ನು ಪರೀಕ್ಷಿಸುವುದು ಇನ್ನೊಂದು. ಇದು 2013ರಲ್ಲಿ ಪ್ಯಾರಿಸಿನಲ್ಲಿ ಮಂಡಿತವಾಯಿತು. ಕಷ್ಟವೆಂದೇ ಉತ್ತರ ಬಂದಿತು. ಚಿತ್ರಗಳನ್ನು ಒಂದೇ ಸಾಲಿನಲ್ಲಿ ಹರಡಿದರೆ ಮೇಲು, ಗೂಡಿನೊಳಗೆ ಗೂಡು ಮಾಡಿದರೆ ತೊಡಕು. ರಚನಕಾರರಿಗೆ ಇದು ಪ್ರಯೋಜನಕರವಾದ ಸಲಹೆ. ಶೀರ್ಷಿಕೆಗಳಲ್ಲಿ ‘ಸಂಬಂಧ’, ‘ಕೆಲವು ಸಾಕ್ಷ್ಯ’ ಎಂಬ ಎಚ್ಚರಿಕೆಯ ಮಾತುಗಳಿರುವುದನ್ನೂ ಮೆಚ್ಚಬೇಕು. ಆದರೂ ರೇವನ್ನನ ಆಕೃತಿಪರೀಕ್ಷೆಯನ್ನು ಅಳತೆಗೋಲಾಗಿ ಹಿಡಿದಾಗ ವಿಷಯ ಸೂಕ್ಷ್ಮವಾಗುತ್ತದೆ. ಗೂಡಿನೊಳಗೆ ಗೂಡು ಎಂಬ ವರ್ಗೀಕರಣ ಶಾಲೆಯು ಹೇಳಿಕೊಡುವ ಒಂದು ಅಭ್ಯಾಸ; ಪುಸ್ತಕದ ಅಧ್ಯಾಯ, ಪರಿಚ್ಛೇದ, ಕಚೇರಿಯ ಕಡತ, ಉಪಕಡತ ಇವುಗಳಿಂದ ಬಂದದ್ದು. ಅಡಿಗೆಮನೆಯ ಡಬ್ಬಿಗಳನ್ನು ಕಣ್ಣುಮುಚ್ಚಿ ತೆಗೆದುಕೊಡುವವಳು ಬೇರೊಂದು ಕ್ರಮವನ್ನು ಬಲ್ಲಳು. ಅವಳ ಕ್ರಮ ಏನೆಂದು ಕೇಳುವ ಪ್ರಯೋಗ ಈ ಪ್ರಬಂಧಗಳಲ್ಲಿ ನಡೆದಿಲ್ಲ. 2006ರಲ್ಲಿ ನಲ್ಲಿಯ ನೀರನ್ನು ಕಂಡುಹಿಡಿದ ಕಣ್ಣು ಇಲ್ಲಿ ತುಸು ಮಂಕಾಗಿದೆಯೆಂದು ಹೇಳದೆ ನಿರ್ವಾಹವಿಲ್ಲ.

ಮೂರನೆಯ ವ್ಯಕ್ತಿಯನ್ನು ಹೆಸರಿಟ್ಟು ಕರೆದ ಪ್ರಬಂಧವು ಈ ಲೇಖಕಿಯದಲ್ಲ, ಅದೇ ಸಂಶೋಧನಾಲಯದ ನೆರೆಯವರದು. ನಿತ್ಯಾ ಸಾಂಬಶಿವನ್, ಎಡ್ ಕಟ್ರೆಲ್, ಟೊಯಾಮಾ, ಬಾನಿ ನಾರ್ಡಿ ಇವರು 2010ರಲ್ಲಿ ಪ್ರಕಟಿಸಿದ ಇದೂ ಬೆಂಗಳೂರಿನ ಕೊಳೆಗೇರಿಗಳನ್ನೇ ಕುರಿತದ್ದು. ಮಗನೋ ನೆರೆಯವಳೋ ಅಂಗಡಿಯವನೋ ನಡುವೆ ನಿಂತು ಇನ್ನೊಬ್ಬರಿಗಾಗಿ ಯಂತ್ರವನ್ನು ಬಳಸುವುದನ್ನು ಅವರು ಮೂರು ಬಗೆಯಾಗಿ ವಿಂಗಡಿಸಿದರು: ಬದಲಿಗೆ ತಾವೇ ಬಳಸುವುದು, ಪಕ್ಕದಲ್ಲಿದ್ದು ಅನುಕೂಲ ಮಾಡಿಕೊಡುವುದು, ಪಕ್ಕದಲ್ಲಿದ್ದು ಅರ್ಥ ಹೇಳುವುದು. ಕಟ್ರೆಲ್ ಮತ್ತು ಟೊಯಾಮಾ ಆ ವರ್ಷ ನಮ್ಮ ಲೇಖಕಿಯೊಡನೆಯೂ ಬರೆಯುತ್ತಿದ್ದರು. ಒಂದೇ ಕೊಠಡಿಯ ಎರಡು ಮೇಜುಗಳಲ್ಲಿ, ಒಂದರ ಮೇಲೆ ಒಂಟಿಯಾಗಿ ಯಂತ್ರ ನಡೆಸುವ ಹೆಂಗಸಿನ ಪರೀಕ್ಷೆ, ಇನ್ನೊಂದರ ಮೇಲೆ ಒಂಟಿಯಾಗಿ ಯಾರೂ ನಡೆಸುವುದಿಲ್ಲವೆಂಬ ವರದಿ! 2006ರ ಬರ್ಕ್ಲಿ ಸಮ್ಮೇಳನದಲ್ಲಿಯೂ ಹೀಗೆಯೇ ಆಗಿತ್ತು. ಅದೇ ಸಂಶೋಧನಾಲಯದ ಉದಯ್ ಸಿಂಗ್ ಪವಾರ್, ಜೊಯೊಜೀತ್ ಪಾಲ್ ಮತ್ತು ಟೊಯಾಮಾ ಅವರು, ಒಂದು ಗಣಕದ ಸುತ್ತ ಅನೇಕ ಮಕ್ಕಳು ಮುತ್ತಿಕೊಂಡಿರುವ ಶಾಲೆಗಳನ್ನು ಕಂಡು, ಒಂದೇ ಗಣಕಕ್ಕೆ ಹಲವು ಮೌಸುಗಳನ್ನು ಜೋಡಿಸುವ ಉಪಾಯವನ್ನು ಮಂಡಿಸಿದರು. ಮಕ್ಕಳು ಕೂಡಿ ಬಳಸುವರೆಂಬುದು ಅಂದೇ ಒಪ್ಪಿತವಾಗಿತ್ತು. ಅವರ ತಾಯಂದಿರು ಮಾತ್ರ ಒಂಟಿಯಾಗಿ ಕಲಿಯಬೇಕಾಗಿತ್ತು.

ಈಗ ಸಂಶೋಧನಾಲಯದಿಂದ ಹೊರಬಂದು ಬೀದಿಯನ್ನು ನೋಡೋಣ. ಆ ಸಂಶೋಧನಾಲಯ ಆರಂಭವಾದ 2005ರಲ್ಲಿಯೇ, ಏಪ್ರಿಲ್ ತಿಂಗಳಲ್ಲಿ, ಕರ್ನಾಟಕ ಸರ್ಕಾರವು ಬೆಂಗಳೂರು ಒನ್ ಕೇಂದ್ರಗಳನ್ನು ತೆರೆಯಿತು. ವಿದ್ಯುತ್ತು, ನೀರು ಮುಂತಾದ ಬಿಲ್ಲುಗಳನ್ನು ಅಲ್ಲಿ ಕಟ್ಟಬಹುದು. ಯಂತ್ರವನ್ನು ನಡೆಸುವವರು ಕಟ್ಟೆಯ ಒಳಗೆ ಕುಳಿತ ಗುಮಾಸ್ತರು. ಪ್ರಜೆಯು ಕಟ್ಟೆಯ ಹೊರಗೆ ನಿಲ್ಲುತ್ತಾನೆ. ಸಂಶೋಧನಾಲಯ ಮೂರನೆಯವರನ್ನು ತೆಗೆದುಹಾಕಲು ಯತ್ನಿಸಿದ ವರ್ಷಗಳಲ್ಲಿಯೇ ಸರ್ಕಾರ ಅವರಿಗೆ ಕುರ್ಚಿ ಹಾಕಿ ಕೂರಿಸಿತು. 2023ರ ಜುಲೈಯಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿ ಆರಂಭವಾದಾಗ, ತಿಂಗಳಿಗೆ 2,000 ರೂಪಾಯಿಗಾಗಿ ಹೆಂಗಸರು ಸಾಲುಗಟ್ಟಿ ನಿಂತದ್ದು ಇಂತಹ ಕಟ್ಟೆಗಳ ಮುಂದೆಯೇ. ಕೈಯಲ್ಲಿ ಆಧಾರ್ ಚೀಟಿ, ಪಡಿತರ ಚೀಟಿ, ಫೋನು. ಫೋನಿಗೆ ಬಂದ ಗುಪ್ತಸಂಖ್ಯೆಯನ್ನು ಓದಲು ಬಾರದೆ ಫೋನನ್ನೇ ಕಟ್ಟೆಯೊಳಕ್ಕೆ ಚಾಚುವುದು ಅಪರೂಪದ ದೃಶ್ಯವೇನೂ ಅಲ್ಲ.

ಕರ್ನಾಟಕದ ಚರಿತ್ರೆಯನ್ನು ಬಲ್ಲವರಿಗೆ ಈ ದೃಶ್ಯ ಹೊಸದೂ ಅಲ್ಲ. ಊರಿಗೆಲ್ಲ ಓದಲು ಬರೆಯಲು ಬಲ್ಲವರು ಒಬ್ಬರೋ ಇಬ್ಬರೋ ಇದ್ದ ಕಾಲದಲ್ಲಿ ರೈತನಿಗೂ ಸರ್ಕಾರಕ್ಕೂ ನಡುವೆ ಶಾನುಭೋಗನು ಕುಳಿತಿದ್ದನು. ಯಾವ ಹೊಲ ಯಾರದು, ಎಷ್ಟು ಕಂದಾಯ, ಎಷ್ಟು ಬಾಕಿ ಎಂಬುದು ಅವನ ಕಡತದಲ್ಲಿತ್ತು. ರೈತನು ತನ್ನ ಹೊಲದ ಸಂಗತಿಯನ್ನು ಅವನ ಬಾಯಿಂದಲೇ ಕೇಳಬೇಕಾಗಿತ್ತು. ಶಾನುಭೋಗರೆಲ್ಲರೂ ಕೆಟ್ಟವರೆಂದು ಹೇಳುವುದು ಅನ್ಯಾಯ. ಊರಿನ ಪತ್ರ ಬರೆದುಕೊಟ್ಟವರೂ ಜಗಳ ತೀರಿಸಿದವರೂ ಅವರಲ್ಲಿದ್ದರು. ಆದರೆ ಓದಬಲ್ಲವನು ಓದಲಾರದವನ ಪರವಾಗಿ ಓದುವಾಗ ಇಬ್ಬರ ನಡುವೆ ಒಂದು ಅಧಿಕಾರ ಹುಟ್ಟುತ್ತದೆ. ಅದಕ್ಕೆ ಲೆಕ್ಕ ಕೇಳುವವರು ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ನಮ್ಮ ಕಂದಾಯ ಇಲಾಖೆಯ ಹಳೆಯ ಕಡತಗಳೇ ಸಾಕ್ಷಿ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಮಾಡಲು 1961ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು.

ಈ ಪ್ರಬಂಧಾವಳಿಯ ಮೇಲೆ ನಮ್ಮ ಮುಖ್ಯ ಆಕ್ಷೇಪ ಇಲ್ಲಿದೆ. ಮೂರನೆಯ ವ್ಯಕ್ತಿ ಇದರಲ್ಲಿ ಮೊದಲು ನಿವಾರಿಸಬೇಕಾದ ತೊಡಕಾಗಿ, ಅನಂತರ ತಪ್ಪುಗಳನ್ನು ಕಡಮೆ ಮಾಡುವ ಸಾಧನವಾಗಿ ಬರುತ್ತಾರೆ. 2015ರಲ್ಲಿ ರೈತರಿಗಾಗಿ ರಚಿಸಿದ ‘ಕೃಷಿಪುಸ್ತಕ’ ಎಂಬ, ಚಿತ್ರ ಮತ್ತು ಧ್ವನಿಗಳ ಸಮಾಜಜಾಲದ ವರದಿಗೆ ಬರುವ ಹೊತ್ತಿಗೆ ಮಧ್ಯವರ್ತಿಯು ಕ್ಷೇತ್ರಕಾರ್ಯದ ಅಂಗವೇ ಆಗಿದ್ದಾರೆ. ಆ ವರದಿ ಪ್ರಕಟವಾದದ್ದು ಕೂಡಿ ಮಾಡುವ ಕೆಲಸವನ್ನೇ ವಿಷಯವಾಗಿ ಉಳ್ಳ ಸಮ್ಮೇಳನದಲ್ಲಿ ಎಂಬುದು ಅರ್ಥಪೂರ್ಣ: ‘ಯಾರ ಸಹಾಯವೂ ಇಲ್ಲದೆ’ ಎಂದು ಹೊರಟ ಲೇಖನಿ ಒಂಬತ್ತು ವರ್ಷಗಳಲ್ಲಿ ಅಲ್ಲಿಗೆ ತಲಪಿತು. ಇದು ಸಂಶೋಧಕರ ಪ್ರಾಮಾಣಿಕತೆಗೆ ಸಾಕ್ಷಿ. ಮೊದಲಿನ ಸಿದ್ಧಾಂತಕ್ಕೆ ಅಂಟಿಕೊಂಡು ಕೂರುವವರನ್ನು ನಾವು ನಮ್ಮ ಶಾಸ್ತ್ರದಲ್ಲಿಯೇ ಬೇಕಾದಷ್ಟು ಕಂಡಿದ್ದೇವೆ. ಆದರೆ ಎಲ್ಲಿಯೂ ಈ ಮಧ್ಯವರ್ತಿಯನ್ನು ಒಂದು ಅಧಿಕಾರಸ್ಥಾನವೆಂದು ಪರಿಗಣಿಸಿಲ್ಲ. ಸಹಾಯ ಮಾಡಿದವರು ಏನು ಪಡೆದರು, ಗುಪ್ತಸಂಖ್ಯೆ ಯಾರ ಕೈಯಲ್ಲಿ ಉಳಿಯಿತು, ತಪ್ಪಾಗಿ ಅರ್ಥ ಹೇಳಿದರೆ ಯಾರು ಹೊಣೆ ಎಂಬ ಪ್ರಶ್ನೆಗಳಿಗೆ ತಪ್ಪುಗಳ ಶೇಕಡಾವಾರು ಕೋಷ್ಟಕದಲ್ಲಿ ಜಾಗವಿಲ್ಲ. ಈ ಪ್ರಬಂಧಗಳ ಪೈಕಿ ಅನೇಕಕ್ಕೆ ಸಹಲೇಖಕರಾದ ಟೊಯಾಮಾ ಅವರು 2015ರಲ್ಲಿ ಒಂದು ಸ್ವತಂತ್ರ ಪುಸ್ತಕವನ್ನೇ ಬರೆದು, ಯಂತ್ರವು ಮನುಷ್ಯರಲ್ಲಿ ಮೊದಲೇ ಇರುವ ಉದ್ದೇಶವನ್ನೂ ಸಾಮರ್ಥ್ಯವನ್ನೂ ಹಿಗ್ಗಿಸುವುದೇ ಹೊರತು ಇಲ್ಲದುದನ್ನು ಹುಟ್ಟಿಸಲಾರದೆಂದು ವಾದಿಸಿದರು. ಆ ಮಾತನ್ನು ಕಟ್ಟೆಯೊಳಗಿನ ಗುಮಾಸ್ತರಿಗೂ ಅನ್ವಯಿಸಿ ನೋಡಬೇಕು.

ಕೂಡಿ ಮಾಡುವ ಕೆಲಸದ ಮಾತು ಬಂದುದರಿಂದ ಹೆಸರುಗಳ ವಿಷಯವನ್ನೂ ಹೇಳಬೇಕಾಗಿದೆ. ಚರಿತ್ರೆಯವರು ಒಂಟಿಯಾಗಿ ಬರೆಯುತ್ತೇವೆ, ಅಥವಾ ಒಂಟಿಯಾಗಿ ಬರೆದಂತೆ ತೋರಿಸಿಕೊಳ್ಳುತ್ತೇವೆ. ಬಿ. ಎಲ್. ರೈಸರ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳ ಮುಖಪುಟದಲ್ಲಿ ಇರುವುದು ಒಂದೇ ಹೆಸರು. ಹಳ್ಳಿಹಳ್ಳಿ ಸುತ್ತಿ ಕಲ್ಲುಗಳನ್ನು ನಕಲು ಮಾಡಿದ ಪಂಡಿತರ ಕೈಗಳು ಆ ಹೆಸರಿನ ಹಿಂದೆ ಇವೆ. ಅದಕ್ಕಿಂತ ಹಳೆಯ ಕ್ರಮವೇ ಹೆಚ್ಚು ಉದಾರವಾಗಿತ್ತೆಂದು ತೋರುತ್ತದೆ. ಶಾಸನದ ಕಡೆಯಲ್ಲಿ ಅದನ್ನು ಬರೆದವನ ಹೆಸರೂ ಕಂಡರಿಸಿದವನ ಹೆಸರೂ ಬರುವುದುಂಟು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ವಿಗ್ರಹಗಳ ಕೆಳಗೆ ಹೆಸರು ಬಿಟ್ಟುಹೋಗಿದ್ದಾರೆ. ಈ ದೃಷ್ಟಿಯಿಂದ ಗಣಕವಿಜ್ಞಾನಿಗಳ ಪದ್ಧತಿ ನಮ್ಮದಕ್ಕಿಂತ ಮೇಲು. ಇಬ್ಬರು, ಮೂವರು, ಆರು ಮಂದಿ, ದುಡಿದವರ ಹೆಸರನ್ನೆಲ್ಲ ತಲೆಬರಹದಡಿ ಕೊಡುತ್ತಾರೆ. ಪರೀಕ್ಷೆಗೆ ಕುಳಿತ ಹೆಂಗಸರ ಹೆಸರು ಮಾತ್ರ ಇರುವುದಿಲ್ಲ. ಅವರ ರಕ್ಷಣೆಗಾಗಿ ಹಾಗೆ ಮಾಡಬೇಕೆಂಬುದು ಆ ಶಾಸ್ತ್ರದ ಧರ್ಮ, ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ನಲ್ಲಿಯಲ್ಲಿ ನೀರು ಸುರಿಯಬೇಕೆಂದು ತೀರ್ಮಾನವಾದದ್ದು ಅವರ ಮಾತಿನಿಂದ. ಅಷ್ಟರಮಟ್ಟಿಗೆ ಆ ಚಿತ್ರದ ರೂವಾರಿಗಳು ಅವರೇ. ಹೆಸರು ಹೇಳದೆ ಋಣ ಒಪ್ಪಿಕೊಳ್ಳುವ ಬಗೆಯೊಂದನ್ನು ಎರಡು ಶಾಸ್ತ್ರಗಳವರೂ ಇನ್ನೂ ಕಂಡುಹಿಡಿಯಬೇಕಾಗಿದೆ.

ಪ್ರಬಂಧಗಳೆಲ್ಲವೂ ಇಂಗ್ಲಿಷಿನಲ್ಲಿವೆ. ಬರ್ಕ್ಲಿ, ಬಾಸ್ಟನ್, ಪ್ಯಾರಿಸ್ ನಗರಗಳ ವಿದ್ವಾಂಸರು ಓದಿದ ಈ ಸಂಗತಿಗಳನ್ನು ವಿಜಯನಗರದ ಶಾಲೆಯ ಉಪಾಧ್ಯಾಯಿನಿಯೋ, ಕೆಂಗೇರಿಯ ಅಂಗನವಾಡಿಯ ಕಾರ್ಯಕರ್ತೆಯೋ ಕನ್ನಡದಲ್ಲಿ ಓದುವಂತಾದರೆ, ತಪ್ಪಿದ್ದ ಕಡೆ ತಿದ್ದಬಲ್ಲವರು ಅವರೇ. ಸಿದ್ಧಾಂತಗಳು ಮಾತ್ರ ಹೇಗೋ ಬೀದಿಯನ್ನು ಸೇರಿವೆ. ಈ ಪ್ರಬಂಧಗಳಿಂದಲೇ ಬಂತೆಂದು ನಾವು ಹೇಳುತ್ತಿಲ್ಲ, ಆದರೆ ತರಕಾರಿಯ ಗಾಡಿಯ ಮೇಲೆ ಕುಳಿತು, ಹಣ ಬಂದ ಕೂಡಲೇ ಇಷ್ಟು ರೂಪಾಯಿ ಬಂತೆಂದು ಕನ್ನಡದಲ್ಲಿ ಕೂಗಿ ಹೇಳುವ ಸಣ್ಣ ಪೆಟ್ಟಿಗೆಯು, ಪ್ರತಿಯೊಂದು ಕ್ರಿಯೆಗೂ ಧ್ವನಿಯ ಉತ್ತರವಿರಬೇಕೆಂಬ 2006ರ ಸೂತ್ರಕ್ಕೆ ಒಳ್ಳೆಯ ಉದಾಹರಣೆ. ಅದಕ್ಕೊಂದು ವಿಶೇಷವೂ ಉಂಟು: ಅದರ ಮಾತನ್ನು ಗಾಡಿಯವಳೂ ಕೊಂಡವರೂ ಪಕ್ಕದ ಗಾಡಿಯವನೂ ಏಕಕಾಲದಲ್ಲಿ ಕೇಳುತ್ತಾರೆ. ಗುಟ್ಟಾಗಿ ಅರ್ಥ ಹೇಳುವ ಮಧ್ಯವರ್ತಿಗೆ ಅಲ್ಲಿ ಎಡೆಯಿಲ್ಲ.

ಕಡೆಯದಾಗಿ, ಈ ಪ್ರಬಂಧಗಳಿಂದ ನಮ್ಮ ಶಾಸ್ತ್ರಕ್ಕೆ ಆಗಬಹುದಾದ ಒಂದು ಪ್ರಯೋಜನವನ್ನು ಸೂಚಿಸುತ್ತೇವೆ. ಕೆಲಸ ಹುಡುಕುವ ಆ ಮೊದಲ ಪಟದಲ್ಲಿ ಮನೆಗೆಲಸಗಳ ಚಿತ್ರಗಳಿದ್ದವು, ಸಂಬಳವಿತ್ತು, ಕೆಲಸದ ಹೊತ್ತಿತ್ತು. ಇದನ್ನು ರಚಿಸುವ ಮುನ್ನ ಸಂಶೋಧಕರು ಒಂದೊಂದು ಕೆಲಸವೂ ಬೆಂಗಳೂರಿನ ಮನೆಗಳಲ್ಲಿ ಹೇಗೆ ನಡೆಯುತ್ತಿತ್ತೆಂದು ಕೇಳಿ ತಿಳಿದಿರಬೇಕು. ತಿದ್ದಿ ಬಿಸುಟ ಚಿತ್ರಗಳೂ ಟಿಪ್ಪಣಿಗಳೂ ಎಷ್ಟೋ ಇರಬೇಕು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಈ ನಗರದ ಮನೆಗೆಲಸದ ಹೆಂಗಸರು ತಮ್ಮ ಕೆಲಸವನ್ನು ತಾವೇ ವಿವರಿಸಿದ ದಾಖಲೆಗಳು ನಮಗೆ ಬೇರೆಡೆ ಸುಲಭವಾಗಿ ದೊರೆಯುವುದಿಲ್ಲ. ಪ್ರಕಟವಾದ ಪ್ರಬಂಧದಲ್ಲಿ ಉಳಿದಿರುವುದು ಗೆದ್ದ ಚಿತ್ರ ಮಾತ್ರ. ನೀರಿಲ್ಲದ ನಲ್ಲಿಯ ಆ ಮೊದಲ ಚಿತ್ರವನ್ನು, ಅದನ್ನು ನೋಡಿ ಹೆಂಗಸರು ಆಡಿದ ಮಾತುಗಳೊಡನೆ, ಯಾವುದಾದರೂ ಸಾರ್ವಜನಿಕ ದಾಖಲೆಗೃಹದಲ್ಲಿ ಇರಿಸಿದರೆ ನಮ್ಮ ವಿಭಾಗದ ವಿದ್ಯಾರ್ಥಿಗಳು ಅದನ್ನು ನೋಡಲು ಮೊದಲಿಗರಾಗಿ ಹೋಗುವರು.